ಬಟ್ಟೆ ಕಟ್ಟಿದ ಸಾಲು

ಪಂಪಿನವನು ಕುಡಿಯುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಊರೆಲ್ಲ ಅವನನ್ನು ಕುಡುಕ ಎಂದಿತು, ಆಸ್ಪತ್ರೆಯ ಡಾಕ್ಟರು ಕುಡುಕ ಎಂದರು, ಕೊನೆಗೆ ಒಡಹುಟ್ಟಿದ ತಮ್ಮನೂ ಕುಡುಕನ ಮನೆ ಎಂದು ಬರುವುದನ್ನು ಬಿಟ್ಟ. ಆದರೆ ಆ ಮನುಷ್ಯ ಜನ್ಮದಲ್ಲಿ ಒಂದು ಗುಟುಕು ಹೆಂಡ ಮುಟ್ಟಿದವನಲ್ಲ. ಕೆಮ್ಮಿನ ಔಷಧಿ ಕುಡಿಯಬೇಕಾದರೂ ಮೂಗು ಹಿಡಿದುಕೊಂಡು ಸಣ್ಣ ಮಗುವಿನ ಹಾಗೆ ಹಟ ಮಾಡುತ್ತಿದ್ದ.

ಬೆನ್ನಿಗೆ ಪಂಪು ಕಟ್ಟಿಕೊಂಡು ಟೊಮೆಟೊ ತೋಟಕ್ಕೆ ಔಷಧಿ ಹೊಡೆಯುವುದು ಅವನ ಕೆಲಸ. ಹಾಗಾಗಿ ಪಂಪಿನವನು. ಆ ಪಂಪಿನ ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ. ಬಗ್ಗಿದಾಗಲೆಲ್ಲ ಔಷಧಿ ಕತ್ತಿನ ಹಿಂದೆ ಸುರಿಯುತ್ತಿತ್ತು. ಬೆನ್ನಿನ ಮೇಲೆ ಇಳಿದು, ಚಡ್ಡಿ ಒದ್ದೆ ಮಾಡಿ, ತೊಡೆಯ ಮೇಲೆ ಹರಿಯುತ್ತಿತ್ತು. ಸಂಜೆ ಹೆಂಡತಿ ಬೆನ್ನು ತಿಕ್ಕಿದರೆ ಚರ್ಮ ಸಿಪ್ಪೆ ಸಿಪ್ಪೆಯಾಗಿ ಕೈಗೆ ಬರುತ್ತಿತ್ತು. ಹೊಸ ಮುಚ್ಚಳ ತಂದುಕೊಡಿ ಎಂದು ಕೇಳಿದರೆ ಯಜಮಾನ, "ಈ ಬೆಳೆ ಕೈಗೆ ಬರ್ಲಿ" ಎನ್ನುತ್ತಿದ್ದ. ಬೆಳೆ ಕೈಗೆ ಬಂದ ಮೇಲೆ, "ಮುಂದಿನ ಬೆಳೆಗೆ ನೋಡೋಣ" ಎನ್ನುತ್ತಿದ್ದ.

ಯಜಮಾನ ದೊಡ್ಡ ಜಮೀನ್ದಾರನೇನಲ್ಲ. ಗೇಟಿನಲ್ಲಿ ನಿಂತರೆ ತೋಟದ ಆಚೆ ಬೇಲಿ ಕಾಣುತ್ತಿತ್ತು. ಕೂಲಿಯವರು ಬೆನ್ನ ಹಿಂದೆ ಅವನನ್ನು ಬೆಣ್ಣೆಬಾಯಿ ಎನ್ನುತ್ತಿದ್ದರು. ಬೈಯುವಾಗಲೂ ಅವನ ಮಾತು ನುಣ್ಣಗೆ ಜಾರುತ್ತಿತ್ತು. ಚಿಕ್ಕ ತೋಟದವನಿಗೆ ಲಾಭ ಎಲ್ಲಿಂದ ಬರಬೇಕು? ಸಸಿಯ ಬೆಲೆ ಅವನ ಕೈಯಲ್ಲಿಲ್ಲ. ಗೊಬ್ಬರದ ಬೆಲೆ ಅವನ ಕೈಯಲ್ಲಿಲ್ಲ. ಮಾರುಕಟ್ಟೆಯ ರೇಟು ದೇವರ ಕೈಯಲ್ಲೂ ಇಲ್ಲ. ಅವನ ಕೈಯಲ್ಲಿದ್ದದ್ದು ಪಂಪಿನವನ ಮೈ ಒಂದೇ. ಅದರಲ್ಲೇ ಉಳಿಸಿದ.

ಬಿಳಿನೊಣ ಬಂದರೆ ಎಲೆ ಮುರುಟುತ್ತದೆ. ಕಾಯಿಕೊರಕ ಬಂದರೆ ಹಣ್ಣಿನಲ್ಲಿ ತೂತು ಬೀಳುತ್ತದೆ. ತೂತು ಬಿದ್ದ ಹಣ್ಣನ್ನು ದನವೂ ಮೂಸುವುದಿಲ್ಲ. ಅದಕ್ಕೆ ಯಜಮಾನ ಎರಡು ಮೂರು ಡಬ್ಬಗಳದ್ದು ಒಟ್ಟಿಗೆ ಬೆರೆಸಲು ಹೇಳುತ್ತಿದ್ದ. ಬೆರೆಸಲು ಕೋಲು ಇರಲಿಲ್ಲ, ಪಂಪಿನವನ ತೋಳೇ ಕೋಲು. ಹೊಡೆದ ಮೇಲೆ ಇಷ್ಟು ದಿನ ಹಣ್ಣು ಕೀಳಬೇಡಿ ಎಂದು ಡಬ್ಬದ ಮೇಲೆ ಬರೆದಿರುತ್ತದೆ. ರೇಟು ಏರಿದಾಗ ಯಜಮಾನನಿಗೆ ಓದು ಮರೆತುಹೋಗುತ್ತಿತ್ತು. ಇವತ್ತು ಹೊಡೆದರೆ ನಾಳೆ ಕೊಯ್ಲು.

ಹೋದ ವರ್ಷ ಬಿಸಿಲು ಏರಿದ ಹೊತ್ತಿನಲ್ಲಿ, ಗಾಳಿಗೆ ಎದುರಾಗಿ ಹೊಡೆಯುತ್ತಿದ್ದ ಪಂಪಿನವನು ಸಾಲಿನ ನಡುವೆ ಮಂಡಿಯೂರಿದ. ಬಾಯಲ್ಲಿ ನೊರೆ ಬಂತು. ಕಣ್ಣಿನ ಪಾಪೆ ಸಾಸಿವೆಯಷ್ಟಾಗಿತ್ತು. ಕೈಕಾಲು ಅದುರಿ, ಮಲಮೂತ್ರ ಬಟ್ಟೆಯಲ್ಲೇ ಹೋಯಿತು. ಹಣ್ಣು ಕೀಳುವ ಹೆಂಗಸರು ಅವನನ್ನು ಗಾಡಿಗೆ ಎತ್ತಿಹಾಕಿದರು. ಯಜಮಾನನೂ ಹತ್ತಿಕೊಂಡ. ಆಸ್ಪತ್ರೆಯ ಬಾಗಿಲಲ್ಲಿ ಡಾಕ್ಟರು ಏನಾಯಿತು ಎಂದು ಕೇಳಿದಾಗ ಸುದ್ದಿ ಕೇಳಿ ಓಡಿಬಂದಿದ್ದ ಪಂಪಿನವನ ಹೆಂಡತಿ ಬಾಯಿ ತೆರೆಯುವ ಮೊದಲೇ ಯಜಮಾನ ಹೇಳಿದ.

"ಏನಿಲ್ಲ ಡಾಕ್ಟ್ರೇ, ದಿನಾ ಇದೇ ಗೋಳು. ಬೆಳಗ್ಗೇನೇ ಏರಿಸ್ಕೊಂಡು ಬರ್ತಾನೆ. ಒಳ್ಳೇ ಕೆಲಸಗಾರ, ಆದ್ರೆ ಕುಡುಕ."

"ಇಲ್ಲ, ಇವರು ಕುಡಿಯಲ್ಲ! ಔಷಧಿ ಹೊಡೀತಿದ್ರು, ಔಷಧಿ!" ಎಂದು ಅವಳು ಕೂಗಿದಳು. ಡಾಕ್ಟರು ಅವಳ ಮುಖ ನೋಡಲಿಲ್ಲ. ಕುಡುಕರ ಹೆಂಡತಿಯರೆಲ್ಲ ಹಾಗೇ ಹೇಳುವುದು. ಪಂಪಿನವನನ್ನು ಹೊರಗಿನ ಜಗಲಿಯ ಮೇಲೆ ಮಲಗಿಸಿ, ನಿಂಬೆಹಣ್ಣಿನ ನೀರು ಕುಡಿಸಿ ಎಂದು ಹೇಳಿ ಒಳಗೆ ಹೋದರು. ರಾತ್ರಿ ಕಳೆದು ಬೆಳಗಾದಾಗ ಅವನು ಬದುಕಿದ್ದ. ಆದರೆ ಕೈಗಳು ಸತ್ತಂತೆಯೇ. ಅವತ್ತಿನಿಂದ ನಡುಗಲು ಶುರುವಾದ ಕೈ ನಿಂತಿಲ್ಲ. ಅಂಗಿಯ ಗುಂಡಿ ಹಾಕಲಾರ. ಲೋಟ ಹಿಡಿದರೆ ಅರ್ಧ ನೀರು ಎದೆಯ ಮೇಲೆ. ಬೇರೆ ತೋಟಗಳಿಗೆ ಕೆಲಸ ಕೇಳಲು ಹೋದರೆ, ನಡುಗುವ ಕೈ ನೋಡಿ, "ಬೆಳಗ್ಗೇನೇ ಶುರುನಾ?" ಎಂದು ನಗುತ್ತಿದ್ದರು. ಯಜಮಾನನ ಸುಳ್ಳಿಗೆ ಅವನ ಕೈಗಳೇ ಸಾಕ್ಷಿ ಹೇಳುತ್ತಿದ್ದವು.

ಔಷಧಿಯಿಂದ ಬಿದ್ದ ಎಂದಿದ್ದರೆ ಪೊಲೀಸರು ಬರುತ್ತಿದ್ದರು, ಕೂಲಿಯವರು ಕೆಲಸ ಬಿಡುತ್ತಿದ್ದರು, ಕೊಳ್ಳುವವರು ಬೆನ್ನು ತಿರುಗಿಸುತ್ತಿದ್ದರು. ಕುಡುಕ ಎನ್ನುವುದಕ್ಕೆ ಏನೂ ಖರ್ಚಿಲ್ಲ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರು, ಮುಳುಗಿದವನಿಗೆ ಈಜು ಬರುತ್ತಿರಲಿಲ್ಲ ಎಂದು ಬೈಯುತ್ತಾರಲ್ಲ, ಹಾಗೆ.

ಪಂಪಿನವನ ಹೆಂಡತಿ ಯಜಮಾನನ ಮನೆ ಬಾಗಿಲಿಗೆ ಹೋದಳು. ಏನನ್ನೂ ಬೇಡಲಿಲ್ಲ. "ಕುಡುಕ ಅಂದ ಬಾಯಲ್ಲೇ, ಅಲ್ಲ ಅಂತ ಒಂದ್ಸಲ ಹೇಳಿ. ಜನರ ಮುಂದೆ ಹೇಳಿ, ಸಾಕು" ಎಂದಳು.

"ಅಯ್ಯೋ ತಾಯಿ, ಆಗಿದ್ದು ಆಗೋಯ್ತು. ನಿನ್ನ ಹೊಟ್ಟೆಪಾಡು ನೋಡ್ಕೋ. ಪಂಪು ಹಂಗೇ ಬಿದ್ದಿದೆ. ನೀನೇ ಬಂದು ಹೊಡಿ. ಹೆಂಗಸಿನ ಕೂಲಿ ಕೊಡ್ತೀನಿ" ಎಂದ ಬೆಣ್ಣೆಬಾಯಿ.

ಅವಳು ಒಪ್ಪಿಕೊಂಡಳು. ಊರು ಛೀ ಎಂದಿತು. ಗಂಡನನ್ನು ತಿಂದ ಪಂಪನ್ನೇ ಬೆನ್ನಿಗೆ ಕಟ್ಟಿಕೊಂಡಳಲ್ಲ, ಇವಳೆಂಥ ಹೆಂಗಸು ಎಂದರು. ಗಂಡ ಗೋಡೆಯ ಕಡೆ ತಿರುಗಿ ಮಲಗಿದ. ಅವಳಿಗೆ ಬೇಕಿದ್ದ ಒಂದು ಮಾತು ಯಜಮಾನನ ಬಾಯಿಂದ ಹೊರಡಬೇಕಿತ್ತು. ಆ ಬಾಯಿಯ ಹತ್ತಿರ ಇರಲು ಅವಳಿಗೆ ಬೇರೆ ದಾರಿ ಕಾಣಲಿಲ್ಲ.

ಹೀಗೆ ಅವಳು ಪಂಪಿನವಳಾದಳು. ಮುಚ್ಚಳಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿ ಬಿಗಿದಳು. ಮೂಗಿಗೆ ಒದ್ದೆ ಬಟ್ಟೆ ಕಟ್ಟಿದಳು. ಬಲಗೈಯಲ್ಲಿ ಔಷಧಿ ಚಿಮ್ಮುವ ನಳಿಗೆ, ಎಡಗೈಯಲ್ಲಿ ಹಿಡಿ. ಹಿಡಿಯನ್ನು ಮೇಲೆ ಕೆಳಗೆ ಒತ್ತುತ್ತಲೇ ಇರಬೇಕು. ತುಂಬಿದ ಪಂಪು ಒಂದು ಎಳೆಗರುವಿನಷ್ಟು ಭಾರ. ಪಟ್ಟಿ ಹೆಗಲನ್ನು ಕೊಯ್ಯುತ್ತಿತ್ತು. ಮಧ್ಯಾಹ್ನ ಹಣ್ಣು ಕೀಳುವವರು ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದರೆ, ಇವಳು ಬೇಲಿಯ ಪಕ್ಕ ಬಿಸಿಲಿನಲ್ಲಿ ಕೂರಬೇಕು. ಮೈಯೆಲ್ಲ ಔಷಧಿಯ ನಾತ. ಬಿಂದಿಗೆ ಮುಟ್ಟುವಂತಿಲ್ಲ, ಪೈಪಿಗೆ ಬಾಯಿಟ್ಟು ಕುಡಿಯಬೇಕು. ಯಜಮಾನನ ಹೆಂಡತಿ ಅವಳನ್ನು ಕಂಡ ಕೂಡಲೇ ಸೆರಗನ್ನು ಮೂಗಿಗೆ ಒತ್ತಿಕೊಂಡು, "ಆ ಕಡೆಯಿಂದ ಹೋಗೇ, ಆ ಕಡೆಯಿಂದ" ಎಂದು ಕೈಬೀಸುತ್ತಿದ್ದಳು. ಔಷಧಿ ಅವರದ್ದು, ಹಣ್ಣು ಅವರದ್ದು, ಲಾಭ ಅವರದ್ದು. ನಾತ ಮಾತ್ರ ಇವಳದ್ದು.

ಈ ಕಸುಬಿನಲ್ಲಿ ಒಂದು ವಾಡಿಕೆ ಇದೆ. ಬೆಳೆಯುವವನು ತನ್ನ ಅಡುಗೆಮನೆಗೆಂದು ಒಂದು ಸಾಲು ಬಿಟ್ಟುಕೊಳ್ಳುತ್ತಾನೆ. ಅದಕ್ಕೆ ಔಷಧಿ ಬೀಳುವಂತಿಲ್ಲ. ಬೂದಿ ಎರಚುತ್ತಾರೆ, ಬೆಳ್ಳುಳ್ಳಿ ಅರೆದ ನೀರು ಚಿಮುಕಿಸುತ್ತಾರೆ, ಹುಳ ತಿಂದು ಮಿಕ್ಕಿದ್ದು ಮನೆಗೆ. ಗುರುತಿಗೆ ಆ ಸಾಲಿನ ಎರಡು ತುದಿಯ ಗೂಟಕ್ಕೂ ಬಟ್ಟೆಯ ಚೂರು ಕಟ್ಟುತ್ತಾರೆ. ಪಂಪು ಹೊತ್ತವರು ಬಟ್ಟೆ ಕಂಡ ಕೂಡಲೇ ಕೈ ನಿಲ್ಲಿಸಬೇಕು, ನಳಿಗೆ ಕೆಳಗಿಳಿಸಿ ದಾಟಿಹೋಗಬೇಕು.

ಹೊಸ ಬೆಳೆಗೆ ಗೂಟ ನೆಟ್ಟ ದಿನ ಯಜಮಾನ ತನ್ನ ಹೆಂಡತಿಯ ಹಳೆಯ ಕೆಂಪು ರವಿಕೆಯ ಚೂರುಗಳನ್ನು ಅವಳ ಮುಂದೆ ಎಸೆದ. "ಗೇಟಿನ ಪಕ್ಕದ ಸಾಲು ನಮ್ಮದು. ಕಟ್ಟು. ಒಂದು ಹನಿ ಬಿದ್ರೂ ಕೆಲಸದಿಂದ ತೆಗೀತೀನಿ."

"ಯಾಕೆ ಯಜಮಾನ್ರೇ, ಔಷಧಿ ಅಂದ್ರೆ ಒಳ್ಳೇದೇ ತಾನೆ?"

"ನಿಂಗೆ ಬಾಯಿ ಜಾಸ್ತಿ ಆಯ್ತು. ಕಟ್ಟು ಅಂದ್ರೆ ಕಟ್ಟು."

ಕಟ್ಟಿದಳು. ಎರಡು ತುದಿಗೂ ಗಟ್ಟಿಯಾಗಿ ಕಟ್ಟಿದಳು. ಮೊದಲ ಸಲ ಔಷಧಿ ಹೊಡೆಯುವ ದಿನ ಆಚೆ ಬೇಲಿಯಿಂದ ಶುರುಮಾಡಿ, ಒಂದೊಂದೇ ಸಾಲು ಮುಗಿಸುತ್ತ ಗೇಟಿನ ಕಡೆಗೆ ಬಂದಳು. ಯಜಮಾನ ಎಂದಿನಂತೆ ಗಾಳಿ ಬೀಸದ ಕಡೆ, ಮೋಟಾರು ಮನೆಯ ಒಳಗೆ ಬಾಗಿಲು ಹಾಕಿಕೊಂಡು ಕೂತಿದ್ದ. ಔಷಧಿ ಹೊಡೆಯುವಾಗ ಅವನು ತೋಟಕ್ಕೆ ಕಾಲಿಟ್ಟಿದ್ದನ್ನು ಯಾರೂ ಕಂಡಿಲ್ಲ. ಕೆಂಪು ಬಟ್ಟೆಯ ಮುಂದೆ ಅವಳು ನಿಂತಳು. ಎಡಗೈ ತಾನಾಗಿ ನಿಧಾನವಾಯಿತು. ಆಮೇಲೆ ಅವಳು ಹಲ್ಲು ಕಚ್ಚಿ ಹಿಡಿಯನ್ನು ಒತ್ತಿದಳು. ಒತ್ತುತ್ತಲೇ ಆ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನಡೆದಳು. ಬೇರೆ ಸಾಲಿಗೆ ಎಷ್ಟೋ ಅಷ್ಟೇ. ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಡಿಮೆಯಿಲ್ಲ. ಪೇಟೆಯ ಜನ ಏನು ತಿನ್ನುತ್ತಾರೋ ಅದನ್ನೇ ಯಜಮಾನನೂ ತಿನ್ನಲಿ.

ಅಯ್ಯೋ ಅನ್ನಿಸಲಿಲ್ಲವೇ ಎಂದು ಕೇಳುವವರಿದ್ದಾರೆ. ಅನ್ನಿಸಲಿಲ್ಲ. ಗಂಡನಿಗೆ ತುತ್ತು ಕಲಸಿ ಬಾಯಿಗಿಡುವ ಹೆಂಗಸಿಗೆ ಅಯ್ಯೋ ಅನ್ನಿಸುವುದಿಲ್ಲ. ಹಣ್ಣು ಬಿಟ್ಟ ಮೇಲೆ ದಿನಾ ಮಧ್ಯಾಹ್ನ ಯಜಮಾನನ ಹೆಂಡತಿ ಬುಟ್ಟಿ ಹಿಡಿದು ಬಂದು, ಕೆಂಪು ಬಟ್ಟೆಯ ಸಾಲಿನಲ್ಲಿ ಬಗ್ಗಿ ಬಗ್ಗಿ ಹಣ್ಣು ಆಯುವುದನ್ನು ಅವಳು ಬೇಲಿಯ ಬಳಿ ಕೂತು ನೋಡುತ್ತಿದ್ದಳು. ನೋಡುತ್ತ ಬುತ್ತಿ ಉಣ್ಣುತ್ತಿದ್ದಳು. ಅವಳಿಗೆ ಹೊಟ್ಟೆ ತುಂಬುತ್ತಿತ್ತು.

ಇಲ್ಲಿಗೆ ಬಿಟ್ಟಿದ್ದರೆ ಇಷ್ಟೇ ಆಗುತ್ತಿತ್ತೇನೋ. ಯಜಮಾನನ ಆಸೆ ಬಿಡಲಿಲ್ಲ. ಪ್ರತಿ ಬೆಳೆಯಲ್ಲೂ ಮನೆಯ ಸಾಲು ಹುಳ ಹತ್ತಿ ಜೊಳ್ಳಾಗಿರುತ್ತಿತ್ತು. ಈ ಸಲ ನೋಡಿದರೆ ಒಂದು ತೂತಿಲ್ಲ, ಒಂದು ಮಚ್ಚೆಯಿಲ್ಲ. ಹಣ್ಣು ದೀಪ ಹಚ್ಚಿಟ್ಟ ಹಾಗೆ ತೂಗುತ್ತಿವೆ. ಅವನು ಕೈ ಸೊಂಟಕ್ಕಿಟ್ಟು ಹೆಂಡತಿಗೆ ಹೇಳಿದ, "ನೋಡಿದ್ಯಾ? ನನ್ನ ಬೆಳ್ಳುಳ್ಳಿ ನೀರು! ಔಷಧಿ ಅಂಗಡಿಯವ್ರು ಇಷ್ಟು ವರ್ಷ ನನ್ನ ತಲೆ ಬೋಳಿಸಿದ್ರು."

ಪಂಪಿನವಳು ಮುಖ ತಿರುಗಿಸಿ ಕೆಮ್ಮಿದಳು. ಹಣ್ಣು ಕೀಳುವ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯಳಾದ ಬಾಯಿಬಡುಕಿ ಅಜ್ಜಿ ಅವಳನ್ನೇ ದಿಟ್ಟಿಸಿ ನೋಡಿದಳು. ಅಜ್ಜಿಯ ಕಣ್ಣು ಮಂಜಾಗಿದ್ದರೂ ಮೂಗು ಚುರುಕು. "ಏನೇ ಮಗಳೇ, ಈ ಬೆಳ್ಳುಳ್ಳಿ ನೀರಿಗೂ ಔಷಧಿ ನಾತನೇ ಹೊಡೀತದಲ್ಲೇ?" ಎಂದಳು. ಪಂಪಿನವಳು, "ಸುಮ್ನಿರಜ್ಜಿ" ಎಂದಳು. ಆ ಅಜ್ಜಿ ಜೀವಮಾನದಲ್ಲಿ ಮೊದಲ ಸಲ ಸುಮ್ಮನಿದ್ದಳು.

ಬೆಳ್ಳುಳ್ಳಿಯ ಮಹಿಮೆ ತಲೆಗೇರಿದ ಮೇಲೆ ಯಜಮಾನ ಪೇಟೆಯ ಒಬ್ಬ ವ್ಯಾಪಾರಿಯನ್ನು ಹಿಡಿದ. ಔಷಧಿ ಸೋಕದ ತರಕಾರಿಯನ್ನೇ ಮಾರುವ ದೊಡ್ಡ ಅಂಗಡಿ ಅವನದ್ದು. ಎರಡರಷ್ಟು ರೇಟು. ಹಾಗೆಂದು ಯಜಮಾನ ಉಳಿದ ಸಾಲುಗಳಿಗೆ ಔಷಧಿ ನಿಲ್ಲಿಸಿದನೇ? ಅಷ್ಟು ಧೈರ್ಯ ಎಲ್ಲಿಂದ ಬರಬೇಕು. "ವ್ಯಾಪಾರಿ ನೋಡೋಕೆ ಬರ್ತಾನೆ, ಒಂದು ಹುಳ ಕಾಣಬಾರ್ದು" ಎಂದು ಹಿಂದಿನ ಸಂಜೆ ಎರಡೆರಡು ಸಲ ಹೊಡೆಸಿದ. ಡಬ್ಬಗಳನ್ನು ಮೋಟಾರು ಮನೆಯ ಹಿಂದೆ ಹೂಳಿಸಿದ. ಪಂಪಿನವಳು ಎರಡೆರಡು ಸಲ ಹೊಡೆದಳು. ಕೆಂಪು ಬಟ್ಟೆಯ ಸಾಲಿಗೂ.

ವ್ಯಾಪಾರಿ ಬಿಳಿ ಗಾಡಿಯಲ್ಲಿ ಬಂದ. ಕೂಲಿಯವರೆಲ್ಲ ಕ್ರೇಟುಗಳ ಬಳಿ ನಿಂತಿದ್ದರು. ವ್ಯಾಪಾರಿಗೆ ತೋರಿಸಲೆಂದು ಬೆಳ್ಳುಳ್ಳಿ ನೀರು ತುಂಬಿಸಿದ ಪಂಪನ್ನು ಹೊತ್ತು ಪಂಪಿನವಳೂ ನಿಂತಿದ್ದಳು. ಯಜಮಾನನ ಹೆಂಡತಿ ಬುಟ್ಟಿ ಹಿಡಿದು ನಗುತ್ತಿದ್ದಳು. ಯಜಮಾನ ಗೇಟಿನ ಪಕ್ಕದ ಸಾಲಿನಿಂದ ದಪ್ಪ ಹಣ್ಣೊಂದನ್ನು ಕಿತ್ತು, ಅಂಗಿಗೆ ಒರೆಸಿ, ಕಚಕ್ಕನೆ ಕಚ್ಚಿದ. ರಸ ಗಲ್ಲದ ಮೇಲೆ ಇಳಿಯಿತು. ಇನ್ನೊಂದನ್ನು ಕಿತ್ತು ಅದನ್ನೂ ತಿಂದ.

"ನಮ್ಮ ಮನೇವ್ರೆಲ್ಲ ಇದನ್ನೇ ತಿನ್ನೋದು ಸ್ವಾಮಿ. ತೋಟದ ತುಂಬ ಬರೀ ಬೆಳ್ಳುಳ್ಳಿ ನೀರು."

"ಹೋದ ವರ್ಷ ಇಲ್ಲಿ ಔಷಧಿ ಹೊಡೆಯೋನೊಬ್ಬ ಬಿದ್ದೋದ ಅಂತ ಕೇಳಿದ್ದೆ?" ಎಂದ ವ್ಯಾಪಾರಿ.

ಯಜಮಾನ ನಕ್ಕ. ಪಂಪಿನವಳ ಕಡೆ ಕೈ ತೋರಿಸಿದ. "ಇವಳ ಗಂಡನೇ. ಕುಡುಕ ಸ್ವಾಮಿ, ಕುಡಿದು ಬಿದ್ದ. ಪಾಪ ಅಂತ ಇವಳಿಗೆ ಕೆಲಸ ಕೊಟ್ಟು ಇಟ್ಕೊಂಡಿದೀನಿ. ಹೇಳಮ್ಮ, ಹೌದು ತಾನೆ?"

ಪಂಪಿನವಳು ಮೂಗಿನ ಬಟ್ಟೆ ಬಿಚ್ಚಿದಳು.

"ನಿನ್ನೆ ಸಂಜೆ ಈ ಸಾಲಿಗೆ ಎರಡು ಸಲ ಔಷಧಿ ಹೊಡ್ದಿದೀನಿ ಯಜಮಾನ್ರೇ. ಗೂಟ ನೆಟ್ಟಾಗಿಂದ ಪ್ರತಿ ಸಲಾನೂ ಹೊಡ್ದಿದೀನಿ. ಬಟ್ಟೆ ಕಟ್ಟಿದ್ದು ಹೌದು. ಕೈ ನಿಲ್ಲಿಸಿದ್ದು ಇಲ್ಲ."

ಯಜಮಾನ ಮೊದಲು ನಗಲು ನೋಡಿದ. "ತಮಾಷೆ ಮಾಡ್ತಾಳೆ" ಎಂದ.

"ಎಲೆ ತಿರುಗಿಸಿ ನೋಡಿ, ಔಷಧಿ ಕಲೆ ಕಾಣುತ್ತೆ. ಇಲ್ಲಾಂದ್ರೆ ನಿಮ್ಮ ಕೈನೇ ಮೂಸಿ ನೋಡಿ."

ಅವನು ಕೈ ಮೂಸಿದ. ಆ ವಾಸನೆ ಅವನಿಗೆ ಗೊತ್ತಿತ್ತು. ಅದಕ್ಕಾಗಿಯೇ ಅಲ್ಲವೇ ಅವನು ಮೋಟಾರು ಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದದ್ದು. ಬಾಯಲ್ಲಿದ್ದದ್ದನ್ನು ಥೂ ಥೂ ಎಂದು ಉಗಿದ. ಹೆಂಡತಿಯ ಕೈಯಿಂದ ಬುಟ್ಟಿ ಬಿತ್ತು. ಯಜಮಾನ ಬೆರಳನ್ನು ಗಂಟಲಿಗೆ ತುರುಕಿ, ಗೇಟಿನ ಪಕ್ಕದ ಮಣ್ಣಿನಲ್ಲಿ ಮಂಡಿಯೂರಿ, ಕೆಂಪಗೆ ವಾಂತಿ ಮಾಡಿದ. "ಗಾಡಿ! ಗಾಡಿ ತೆಗೀರೋ!" ಎಂದು ಚೀರಿದ.

"ಏನಾಯ್ತು ಇವ್ರಿಗೆ?" ಎಂದು ವ್ಯಾಪಾರಿ ಹಿಂದೆ ಸರಿದ.

ಬಾಯಿಬಡುಕಿ ಅಜ್ಜಿ ತಡೆದಿಟ್ಟುಕೊಂಡಿದ್ದ ಮೌನವನ್ನೆಲ್ಲ ಒಂದೇ ಸಲಕ್ಕೆ ಮುರಿದಳು. "ಏನಿಲ್ಲ ಸ್ವಾಮಿ, ಬೆಳಗ್ಗೇನೇ ಏರಿಸಿರ್ಬೇಕು. ಸ್ವಲ್ಪ ನಿಂಬೆಹಣ್ಣಿನ ನೀರು ಕೊಡಿ, ಸರಿಹೋಗ್ತದೆ."

"ಕುಡಿದಿಲ್ಲ ಕಣೇ ಮುದುಕೀ! ವಿಷ ಅದು, ವಿಷ! ನರ ಹಿಡ್ಕೊಳ್ಳುತ್ತೆ! ಕೈಕಾಲು ಹೋಗ್ಬಿಡುತ್ತೆ!"

ಪಂಪಿನವಳು ಹೋಗಿ ಗೇಟಿಗೆ ಬೆನ್ನು ಕೊಟ್ಟು ನಿಂತಳು. ಪಂಪು ಇನ್ನೂ ಬೆನ್ನ ಮೇಲೇ ಇತ್ತು. ಗೇಟು ತೆರೆಯದೆ ಗಾಡಿ ಹೊರಡುವಂತಿಲ್ಲ. ಅವಳ ಪಕ್ಕಕ್ಕೆ ಅಜ್ಜಿ ಬಂದು ನಿಂತಳು. ಆಮೇಲೆ ಒಬ್ಬೊಬ್ಬರೇ ಉಳಿದ ಹೆಂಗಸರು.

"ನನ್ನ ಗಂಡನಿಗೆ ಏನಾಗಿತ್ತು ಯಜಮಾನ್ರೇ?"

"ದಾರಿ ಬಿಡೇ, ಸಾಯ್ತೀನಿ!"

"ಏನಾಗಿತ್ತು?"

"ಇದೇ ಆಗಿತ್ತು! ಇದೇ ವಿಷ!"

"ಕುಡುಕ ಅಂದ್ರಿ."

"ಸುಳ್ಳು ಹೇಳ್ದೆ! ಅವನು ಕುಡಿದಿರ್ಲಿಲ್ಲ! ಯಾವತ್ತೂ ಕುಡ್ದಿಲ್ಲ! ನಿನ್ನ ಕಾಲಿಗೆ ಬೀಳ್ತೀನಿ, ಗೇಟು ತೆಗಿ!"

"ಗಟ್ಟಿಯಾಗಿ ಹೇಳಿ. ರಸ್ತೇಲಿ ಹೋಗೋರಿಗೂ ಕೇಳಿಸ್ಲಿ."

ಅವನು ಗಂಟಲು ಹರಿದುಕೊಂಡು ಹೇಳಿದ. ರಸ್ತೆಯಲ್ಲಿ ಸೈಕಲ್ ತುಳಿಯುತ್ತಿದ್ದವನೊಬ್ಬ ಕಾಲು ಊರಿ ನಿಂತು ಕೇಳಿಸಿಕೊಂಡ. ಆಗ ಅವಳು ಗೇಟು ತೆಗೆದಳು. ಅವಳ ಮೈಯೆಲ್ಲ ಬಿಸಿಯಾಗಿತ್ತು. ಇಷ್ಟು ಸಂತೋಷ ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲ.

ಆಸ್ಪತ್ರೆಯಲ್ಲಿ ಯಜಮಾನನನ್ನು ಜಗಲಿಯ ಮೇಲೆ ಮಲಗಿಸಲಿಲ್ಲ. ವಿಷ ಎಂದ ಕೂಡಲೇ ಡಾಕ್ಟರು ಓಡಿಬಂದು, ಮೂಗಿನೊಳಗೆ ಪೈಪು ಇಳಿಸಿ ಹೊಟ್ಟೆ ತೊಳೆದರು. ಜೊತೆಗೆ ಬಂದಿದ್ದ ಅವನ ಹೆಂಡತಿಯದ್ದೂ ಸೇರಿ ರಕ್ತ ಪರೀಕ್ಷೆ ಮಾಡಿದರು. ಗಂಡ ಹೆಂಡತಿ ಇಬ್ಬರಿಗೂ ಏನೂ ಆಗಿಲ್ಲ, ಹೆದರಿದ್ದಾರೆ ಅಷ್ಟೇ ಎಂದು ಮಾರನೆಯ ದಿನ ಮನೆಗೆ ಕಳಿಸಿದರು.

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಮೈ ಸರಿಯಾದ ಕೂಡಲೇ ಯಜಮಾನನಿಗೆ ಎರಡರಷ್ಟು ರೇಟು ನೆನಪಾಯಿತು. ಹಣ್ಣು ಗಿಡದಲ್ಲೇ ಮಾಗಿ ಒಡೆಯುತ್ತಿದೆ. ವ್ಯಾಪಾರಿಯ ಕಾಲು ಹಿಡಿದು ಒಂದು ಕತೆ ಕಟ್ಟಿದ. ಬೇಡಿಕೊಂಡು ಅವನನ್ನು ಮತ್ತೊಮ್ಮೆ ತೋಟಕ್ಕೆ ಕರೆಸಿದ. ಪಂಪಿನವಳಿಗೂ ಗಂಡನ ಸಮೇತ ಬರಲು ಹೇಳಿಕಳಿಸಿದ. ಇಬ್ಬರೂ ಬಂದರು. ಗೇಟಿನ ಹೊರಗೇ ಯಜಮಾನ ಅವರನ್ನು ತಡೆದು, ದನಿ ತಗ್ಗಿಸಿದ.

"ಆದದ್ದೆಲ್ಲ ಮರೆತುಬಿಡೋಣ. ನಿನ್ನ ಗಂಡನಿಗೆ ಕಾವಲು ಕೆಲಸ ಕೊಡ್ತೀನಿ. ನೆರಳಲ್ಲಿ ಕುರ್ಚಿ ಹಾಕ್ಸ್ತೀನಿ, ಕೈ ಬಳಸೋ ಹಾಗೇ ಇಲ್ಲ. ಅವನ ಆಸ್ಪತ್ರೆ ಔಷಧಿ ಖರ್ಚು ನಂದೇ. ನೀನು ಒಂದೇ ಒಂದು ಮಾತು ಹೇಳ್ಬೇಕು. ಅವತ್ತು ನಾನು ಕುಡಿದಿದ್ದೆ, ಕುಡಿದ ಮತ್ತಲ್ಲಿ ವಿಷ ಗಿಷ ಅಂತ ಬಾಯಿಗೆ ಬಂದಿದ್ದು ಒದರಿದೆ ಅಂತ ವ್ಯಾಪಾರಿಗೆ ಹೇಳಿದೀನಿ. ನೀನೂ ತಮಾಷೆಗೆ ಅಂದೆ ಅಂತ. ಹೌದು ಅನ್ನು, ಸಾಕು."

ಪಂಪಿನವನು ಹೆಂಡತಿಯ ಮುಖ ನೋಡಿದ. ಅವನ ಕೈಗಳು ತೊಡೆಗೆ ಬಡಿಯುತ್ತಿದ್ದವು. ಮನೆಯಲ್ಲಿ ಅವತ್ತು ಒಲೆ ಹಚ್ಚಿರಲಿಲ್ಲ. ಕುರ್ಚಿ, ನೆರಳು, ಔಷಧಿ.

"ರೀ, ಏನ್ ಹೇಳ್ಲಿ?"

"ಇದ್ದದ್ದು ಹೇಳು" ಎಂದ ಅವನು.

ಬಿಳಿ ಗಾಡಿ ಬಂದು ನಿಂತಿತು. ವ್ಯಾಪಾರಿ ಕೆಳಗಿಳಿಯಲಿಲ್ಲ, ಗಾಜು ಇಳಿಸಿದ. ಕೂಲಿಯವರು ಬೇಲಿಯ ಒಳಗಿಂದ ಕತ್ತು ಚಾಚಿದರು. "ಏನಮ್ಮ, ಅವತ್ತು ಇವ್ರು ಕುಡಿದಿದ್ರಂತೆ, ಹೌದಾ?"

"ಇಲ್ಲ ಸ್ವಾಮಿ" ಎಂದಳು ಪಂಪಿನವಳು. "ನಮ್ಮ ಯಜಮಾನ್ರು ಕುಡಿಯೋರಲ್ಲ. ಅವತ್ತೂ ಕುಡಿದಿರ್ಲಿಲ್ಲ. ಪೂರ್ತಿ ಎಚ್ಚರದಲ್ಲಿದ್ರು. ಹೇಳಿದ್ದೆಲ್ಲ ನಿಜ. ಡಬ್ಬಗಳು ಮೋಟಾರು ಮನೆ ಹಿಂದೆ ಹೂತಿವೆ, ಬೇಕಾದ್ರೆ ಅಗೆದು ನೋಡಿ."

"ಏ! ಕುಡಿದಿದ್ದೆ ಕಣೇ!" ಯಜಮಾನನ ಬೆಣ್ಣೆಯೆಲ್ಲ ಕರಗಿಹೋಗಿತ್ತು. "ನಾನೇ ಹೇಳ್ತಿದೀನಲ್ಲ ಸ್ವಾಮಿ, ನಾನು ಕುಡೀತೀನಿ! ದಿನಾ ಕುಡೀತೀನಿ! ಕೇಳ್ರೋ, ನೀವಾದ್ರೂ ಹೇಳ್ರೋ, ನಾನು ಕುಡುಕ ತಾನೆ?"

ಬೇಲಿಯ ಒಳಗಿಂದ ಬಾಯಿಬಡುಕಿ ಅಜ್ಜಿ ತಲೆಯನ್ನು ಮಾತ್ರ ಅಡ್ಡಡ್ಡ ಆಡಿಸಿದಳು. ವ್ಯಾಪಾರಿ ಗಾಜು ಏರಿಸಿದ. ಗಾಡಿ ತಿರುಗಿತು. ಯಜಮಾನ ಅದರ ಹಿಂದೆ ಓಡಿದ, ಬಾಗಿಲಿಗೆ ಬಡಿದ, "ಕುಡುಕ ಸ್ವಾಮಿ, ನಾನು ದೊಡ್ಡ ಕುಡುಕ!" ಎಂದು ನಡುರಸ್ತೆಯಲ್ಲಿ ಕೂಗಿದ.

ಪಂಪಿನವಳು ಅವನು ಹಿಂತಿರುಗಿ ಬರುವವರೆಗೂ ಅಲ್ಲೇ ಕಾದಳು. ಮೇಲುಸಿರು ಬಿಡುತ್ತ ಬಂದವನಿಗೆ ಮೆಲ್ಲಗೆ ಹೇಳಿದಳು, "ಹಾಗೆಲ್ಲ ಹೇಳ್ಕೋಬೇಡಿ ಯಜಮಾನ್ರೇ. ಜನ ನಂಬಿಬಿಟ್ರೆ ಆಮೇಲೆ ಯಾರೂ ಕೆಲಸ ಕೊಡಲ್ಲ."